ವಿದೇಶಕ್ಕೆ ಹೊರಡುವ ಮುನ್ನ ದಿನ ಎಣಿಸಿ: ಹಾಸನ, ಚಿಕ್ಕಮಗಳೂರಿನ ಪ್ರಯಾಣಿಕರಿಗೆ ಆರೋಗ್ಯ ದಾಖಲೆಗಳ ಮಾರ್ಗದರ್ಶಿ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರಿಂದ ಒಂದೇ ಬಗೆಯ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಅಮೆರಿಕದಿಂದ ಮಗಳು, ಅಳಿಯ ಬರುತ್ತಿದ್ದಾರೆ, ಏರ್ ಸುವಿಧಾ ಅರ್ಜಿಯನ್ನು ಈಗಲೂ ತುಂಬಬೇಕೇ? ಉಗಾಂಡಾದಲ್ಲಿ ಕೆಲಸ ಸಿಕ್ಕಿದೆ, ಲಸಿಕೆಯನ್ನು ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ ಹಾಕಿಸಿಕೊಳ್ಳಬಹುದೇ? ಕಾಫಿ ತೋಟಗಳನ್ನು ನೋಡಿ ಬರಲು ಬ್ರೆಜಿಲ್‌ಗೆ ಹೊರಟಿದ್ದೇವೆ, ವೀಸಾ ಕೈಗೆ ಬಂದಿದೆ, ಇನ್ನೇನು ಬೇಕು? ಇವೆಲ್ಲಕ್ಕೂ ಒಂದೇ ಕಡೆ ಉತ್ತರ ಸಿಗಲೆಂದು ಈ ಲೇಖನವನ್ನು ಬರೆದಿದ್ದೇನೆ.

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಕೋವಿಡ್ ಕಾಲದಲ್ಲಿ ಭಾರತಕ್ಕೆ ಬರುವವರು ತುಂಬಬೇಕಾಗಿದ್ದ ಏರ್ ಸುವಿಧಾ ಎಂಬ ಸ್ವಯಂ ಘೋಷಣೆಯ ಅರ್ಜಿಯನ್ನು 2022ರ ನವೆಂಬರ್ 22ರಿಂದ ನಿಲ್ಲಿಸಲಾಗಿದೆ. 2025ರ ಅಕ್ಟೋಬರ್ 1ರಿಂದ ವಿದೇಶಿ ಪ್ರಜೆಗಳಿಗಾಗಿ ಆರಂಭವಾಗಿರುವ ಇ-ಅರೈವಲ್ ಕಾರ್ಡ್ ಬೇರೆಯೇ ಸಂಗತಿ. ಅದು ವಲಸೆ ವಿಭಾಗದ ಕಾಗದವೇ ಹೊರತು ಆರೋಗ್ಯ ದಾಖಲೆಯಲ್ಲ, ಅದಕ್ಕೆ ಶುಲ್ಕವೂ ಇಲ್ಲ. ಈ ಎರಡನ್ನೂ ಒಂದೇ ಎಂದುಕೊಂಡು ಗಾಬರಿಯಾಗುವವರು ಬಹಳ.

ಉಳಿದ ಪ್ರಶ್ನೆಗಳಿಗೆ ಉತ್ತರ ದೊಡ್ಡದು. ವಿದೇಶ ಪ್ರಯಾಣದ ಆರೋಗ್ಯ ನಿಯಮಗಳಲ್ಲಿ ಜನರು ಎಡವುವುದು ಕಾಗದ ಇಲ್ಲದ್ದರಿಂದ ಅಲ್ಲ, ದಿನಗಳ ಲೆಕ್ಕ ತಪ್ಪಿದ್ದರಿಂದ. 10 ದಿನ, 6 ದಿನ, 4 ವಾರ, 72 ಗಂಟೆ ಎಂದು ಪ್ರತಿಯೊಂದು ನಿಯಮದ ಒಳಗೂ ಒಂದು ಅವಧಿ ಇರುತ್ತದೆ. ಟಿಕೆಟ್ ಕೊಳ್ಳುವ ಮೊದಲೇ ಆ ಅವಧಿಗಳನ್ನು ಮನೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊಂಡವರಿಗೆ ತೊಂದರೆಯಾಗುವುದು ಅಪರೂಪ.

ಹಂತ 1: ದಾರಿಯನ್ನು ಪೂರ್ತಿಯಾಗಿ ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ನೀವು ಹೋಗುವ ದೇಶವನ್ನಷ್ಟೇ ಅಲ್ಲ, ವಿಮಾನ ಬದಲಿಸುವ ಪ್ರತಿಯೊಂದು ಊರನ್ನೂ, ಅಲ್ಲಿ ಎಷ್ಟು ಗಂಟೆ ಕಾಯಬೇಕು ಎಂಬುದನ್ನೂ ಬರೆಯಿರಿ. ಹಿಂತಿರುಗುವ ದಾರಿಯನ್ನೂ ಹಾಗೆಯೇ ಬರೆಯಿರಿ, ಏಕೆಂದರೆ ಅದು ಹೋದ ದಾರಿಯೇ ಆಗಿರಬೇಕೆಂದಿಲ್ಲ. ಉದಾಹರಣೆಗೆ, ದಕ್ಷಿಣ ಆಫ್ರಿಕಾ ಹಳದಿ ಜ್ವರ (ಸೊಳ್ಳೆಯಿಂದ ಹರಡುವ ಯೆಲ್ಲೋ ಫೀವರ್, ವಿವರ ಹಂತ 3ರಲ್ಲಿದೆ) ಇರುವ ದೇಶವಲ್ಲ. ಆದರೆ ಇಥಿಯೋಪಿಯಾ ಮತ್ತು ಕೆನ್ಯಾ ಅಂಥ ದೇಶಗಳು. ಬೆಂಗಳೂರಿನಿಂದ ಆಡಿಸ್ ಅಬಾಬಾ ಮೂಲಕ ಜೋಹಾನ್ಸ್‌ಬರ್ಗ್‌ಗೆ ಹೋಗುವವರು ಆಡಿಸ್ ಅಬಾಬಾದ ನಿಲ್ದಾಣದಲ್ಲಿ 12 ಗಂಟೆಗಿಂತ ಹೆಚ್ಚು ಕಾದರೆ ದಕ್ಷಿಣ ಆಫ್ರಿಕಾ ಲಸಿಕೆಯ ಪ್ರಮಾಣಪತ್ರವನ್ನು ಕೇಳುತ್ತದೆ. ಟಿಕೆಟ್ ಅಗ್ಗವೆಂದು ಉದ್ದನೆಯ ತಂಗುವಿಕೆ ಇರುವ ವಿಮಾನವನ್ನು ಆರಿಸಿಕೊಂಡು, ರಾತ್ರಿ ಕಳೆಯಲು ನಿಲ್ದಾಣದಿಂದ ಹೊರಗೆ ಹೋಟೆಲಿಗೆ ಹೋದರಂತೂ ನೀವು ಆ ದೇಶವನ್ನು ಪ್ರವೇಶಿಸಿದಂತೆಯೇ ಲೆಕ್ಕ.

ಹಂತ 2: ಮೂರು ಕಡೆಯ ನಿಯಮಗಳನ್ನು ಓದಿ

ಹೋಗುವ ದೇಶದ ನಿಯಮ, ನಡುವೆ ಇಳಿಯುವ ದೇಶದ ನಿಯಮ, ಹಿಂತಿರುಗುವಾಗ ಭಾರತದ ನಿಯಮ ಎಂಬ ಮೂರನ್ನೂ ನೋಡಬೇಕು. ಮೂರನೆಯದನ್ನು ಮರೆಯುವವರೇ ಹೆಚ್ಚು. “ಅವರ ಎಂಬೆಸಿ ಏನೂ ಕೇಳಲಿಲ್ಲ” ಎಂಬ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಎಂಬೆಸಿ ಕೇಳದಿದ್ದರೂ ಬೆಂಗಳೂರಿನಲ್ಲಿ ಇಳಿದಾಗ ನಮ್ಮದೇ ಸರ್ಕಾರ ಕೇಳುತ್ತದೆ.

ಭಾರತದ ನಿಯಮಗಳನ್ನು ಹೊರಡಿಸುವುದು ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯ. ಅದನ್ನು ವಿಮಾನ ನಿಲ್ದಾಣದಲ್ಲಿ ಜಾರಿ ಮಾಡುವವರು ವಿಮಾನ ನಿಲ್ದಾಣ ಆರೋಗ್ಯ ಅಧಿಕಾರಿ, ಅಂದರೆ ಪ್ರಯಾಣಿಕರ ಮೂಲಕ ರೋಗ ದೇಶದೊಳಗೆ ಬಾರದಂತೆ ತಡೆಯುವ ಹೊಣೆ ಹೊತ್ತ ಕೇಂದ್ರ ಸರ್ಕಾರದ ವೈದ್ಯರು. ಇವರ ಅಧಿಕಾರಕ್ಕೆ ಆಧಾರವಾಗಿರುವುದರಲ್ಲಿ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿ ಮುಖ್ಯವಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು 2005ರಲ್ಲಿ ಒಪ್ಪಿಕೊಂಡ ಈ ಒಪ್ಪಂದ 2007ರ ಜೂನ್ 15ರಂದು ಜಾರಿಗೆ ಬಂತು.

ನಿಯಮವನ್ನು ಓದುವಾಗ ಅದು ಹೊರಟ ದಿನಾಂಕವನ್ನು ಮಾತ್ರ ನೋಡಿ ಸುಮ್ಮನಾಗಬೇಡಿ, ಯಾವ ದಿನಾಂಕದಿಂದ ಜಾರಿ ಎಂಬುದನ್ನು ಹುಡುಕಿ. ವಾಟ್ಸಾಪ್‌ನಲ್ಲಿ ಬರುವ ಚಿತ್ರಗಳಲ್ಲಿ ಸಾಮಾನ್ಯವಾಗಿ ಈ ಎರಡನೆಯ ದಿನಾಂಕವೇ ಕತ್ತರಿಸಿ ಹೋಗಿರುತ್ತದೆ.

ಹಂತ 3: ಹಳದಿ ಜ್ವರದ ಲಸಿಕೆ

ಈ ಹಂತವನ್ನು ಆಫ್ರಿಕಾಕ್ಕೆ ಅಥವಾ ದಕ್ಷಿಣ ಅಮೆರಿಕಕ್ಕೆ ಹೋಗುವ ಪ್ರತಿಯೊಬ್ಬರೂ ಸಾವಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಹಳದಿ ಜ್ವರ, ಅಂದರೆ ಯೆಲ್ಲೋ ಫೀವರ್, ಸೊಳ್ಳೆಯಿಂದ ಹರಡುವ ವೈರಾಣು ರೋಗ. ನಮ್ಮಲ್ಲಿ ಅರಿಶಿನ ಕಾಮಾಲೆ ಎಂದು ಕರೆಯುವ ಜಾಂಡೀಸ್‌ಗೂ ಇದಕ್ಕೂ ಹೆಸರಿನಲ್ಲಿ ಹೋಲಿಕೆ ಇರುವುದರಿಂದ, “ನಾನು ಆಗಲೇ ಕಾಮಾಲೆಯ ಇಂಜೆಕ್ಷನ್ ತೆಗೆದುಕೊಂಡಿದ್ದೇನೆ” ಎಂದು ಹೆಪಟೈಟಿಸ್ ಬಿ ಲಸಿಕೆಯ ಚೀಟಿಯನ್ನು ತೋರಿಸುವವರಿದ್ದಾರೆ. ಎರಡೂ ಬೇರೆ ಬೇರೆ ರೋಗಗಳು, ಲಸಿಕೆಗಳೂ ಬೇರೆ.

ಭಾರತದಲ್ಲಿ ಹಳದಿ ಜ್ವರವಿಲ್ಲ, ಆದರೆ ಅದನ್ನು ಹರಡಬಲ್ಲ ಈಡಿಸ್ ಈಜಿಪ್ಟಿ ಸೊಳ್ಳೆ ಬೇಕಾದಷ್ಟಿದೆ. ನಮಗೆ ಡೆಂಗ್ಯೂ ತರುವುದೂ ಅದೇ ಸೊಳ್ಳೆ. ಮಳೆ ನಿಂತ ಮೇಲೆ ಹಿತ್ತಲಿನಲ್ಲಿ ಬಿದ್ದ ಅಡಿಕೆ ಹಾಳೆಯನ್ನೋ ತೆಂಗಿನ ಚಿಪ್ಪನ್ನೋ ಎತ್ತಿ ನೋಡಿ: ಒಂದು ಲೋಟದಷ್ಟು ನೀರಿನಲ್ಲಿ ಹುಳುಗಳು ತಲೆಕೆಳಗಾಗಿ ತೂಗಾಡುತ್ತಿರುತ್ತವೆ. ಸೋಂಕು ತಗುಲಿದ ಒಬ್ಬ ಪ್ರಯಾಣಿಕನನ್ನು ಅಂಥ ಸೊಳ್ಳೆ ಕಚ್ಚಿ ಇನ್ನೊಬ್ಬರನ್ನು ಕಚ್ಚಿದರೆ ರೋಗ ಇಲ್ಲೇ ಬೇರೂರಬಹುದು. ನಮ್ಮ ದೇಶ ಈ ಒಂದು ಕಾಗದದ ವಿಷಯದಲ್ಲಿ ಇಷ್ಟು ಬಿಗಿಯಾಗಿರುವುದಕ್ಕೆ ಕಾರಣ ಇದೇ.

ಯಾರಿಗೆ ಬೇಕು? ನೈಜೀರಿಯಾ, ಘಾನಾ, ಕೆನ್ಯಾ, ಉಗಾಂಡಾ, ಇಥಿಯೋಪಿಯಾ, ಸುಡಾನ್, ಕಾಂಗೋ, ಗ್ಯಾಬೊನ್, ಅಂಗೋಲಾ ಮೊದಲಾದ ಆಫ್ರಿಕಾದ ದೇಶಗಳಿಗೂ, ಬ್ರೆಜಿಲ್, ಕೊಲಂಬಿಯಾ, ಪೆರು ಮೊದಲಾದ ದಕ್ಷಿಣ ಅಮೆರಿಕದ ದೇಶಗಳಿಗೂ ಹೋಗುವವರಿಗೆ ಬೇಕು. ಗಮನಿಸಿ, ನಮ್ಮ ಬೆಳೆಗಾರರು ನೋಡಿ ಬರಲು ಆಸೆಪಡುವ ಕಾಫಿ ದೇಶಗಳಲ್ಲಿ ಬಹುಪಾಲು ಈ ಪಟ್ಟಿಯಲ್ಲೇ ಇವೆ.

ಎಲ್ಲಿ ಹಾಕುತ್ತಾರೆ? ತಾಲ್ಲೂಕು ಆಸ್ಪತ್ರೆಯಲ್ಲಾಗಲಿ, ಊರಿನ ಕ್ಲಿನಿಕ್ಕಿನಲ್ಲಾಗಲಿ ಹಾಕಿಸಿಕೊಂಡರೆ ನಡೆಯುವುದಿಲ್ಲ. ಕೇಂದ್ರ ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳು ಕೊಟ್ಟ ಪ್ರಮಾಣಪತ್ರ ಮಾತ್ರ ಊರ್ಜಿತ. ನಮ್ಮ ಕಡೆಯವರು ಸಾಮಾನ್ಯವಾಗಿ ಬೆಂಗಳೂರಿಗೆ ಹೋಗಬೇಕಾಗುತ್ತದೆ. ಮಾನ್ಯ ಕೇಂದ್ರಗಳ ಪಟ್ಟಿ ಆರೋಗ್ಯ ಸಚಿವಾಲಯದ ಜಾಲತಾಣದಲ್ಲಿದೆ. ಅದನ್ನು ನೋಡಿ, ಮುಂಗಡ ನೋಂದಣಿ ಮಾಡಿಕೊಂಡೇ ಹೊರಡಿ. ಈ ಲಸಿಕೆಯ ಸೀಸೆಯಲ್ಲಿ ಹಲವು ಜನರಿಗೆ ಆಗುವಷ್ಟು ಔಷಧ ಇರುತ್ತದೆ ಮತ್ತು ದ್ರಾವಣ ಬೆರೆಸಿದ 6 ಗಂಟೆಯೊಳಗೆ ಅದನ್ನು ಬಳಸಿ ಮುಗಿಸಬೇಕಾಗುತ್ತದೆ. ಹಾಗಾಗಿ ಗೊತ್ತಾದ ದಿನ, ಗೊತ್ತಾದ ವೇಳೆಗೆ ಜನರನ್ನು ಸೇರಿಸಿ ಹಾಕುತ್ತಾರೆ. ಹಾಸನದಿಂದ ಬೆಳಗಿನ ಬಸ್ಸು ಹತ್ತಿ ಮಧ್ಯಾಹ್ನ ತಲುಪಿದವರು ಅಂದಿನ ಸೀಸೆ ಮುಗಿದುಹೋಗಿ ಬರಿಗೈಯಲ್ಲಿ ಮರಳುವಂತಾಗಬಾರದು. ಹಿಂದಿನ ದಿನವೇ ಹೋಗಿ ಉಳಿದುಕೊಳ್ಳುವುದು ಒಳ್ಳೆಯದು. ಜೊತೆಗೆ ಮೂಲ ಪಾಸ್‌ಪೋರ್ಟ್, ಅದರ ನಕಲು, ನೀವು ಸೇವಿಸುವ ಔಷಧಗಳ ಚೀಟಿ ಇರಲಿ.

ಯಾವಾಗ ಹಾಕಿಸಬೇಕು? ಲಸಿಕೆ ಹಾಕಿಸಿದ 10 ದಿನಗಳ ನಂತರವಷ್ಟೇ ಪ್ರಮಾಣಪತ್ರ ಊರ್ಜಿತವಾಗುತ್ತದೆ, ಏಕೆಂದರೆ ದೇಹದಲ್ಲಿ ರಕ್ಷಣೆ ಬೆಳೆಯಲು ಅಷ್ಟು ಕಾಲ ಬೇಕು. ಜನವರಿ 5ರಂದು ಹಾಕಿಸಿಕೊಂಡರೆ ಜನವರಿ 15ರಿಂದ ಅದು ಚಲಾವಣೆಗೆ ಬರುತ್ತದೆ. 12ರಂದು ವಿಮಾನ ಹತ್ತುವವರ ಕೈಯಲ್ಲಿ ಪ್ರಮಾಣಪತ್ರದ ಹಳದಿ ಪುಸ್ತಕವಿದ್ದರೂ ಅದಕ್ಕೆ ಅಂದು ಬೆಲೆಯಿಲ್ಲ. ಹೊರಡುವ ದಿನಕ್ಕಿಂತ ಕನಿಷ್ಠ ಒಂದು ತಿಂಗಳು ಮುಂಚೆ ಹಾಕಿಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ ಸಾಕು. ಮೊದಲು 10 ವರ್ಷಗಳಿದ್ದ ಅವಧಿಯನ್ನು 2016ರ ಜುಲೈ 11ರಿಂದ ಜೀವಿತಾವಧಿಗೆ ವಿಸ್ತರಿಸಲಾಗಿದೆ, ಅದಕ್ಕೂ ಮುಂಚೆ ಹಾಕಿಸಿಕೊಂಡವರಿಗೂ ಇದು ಅನ್ವಯಿಸುತ್ತದೆ. ಹಳೆಯ ಪುಸ್ತಕದಲ್ಲಿ 10 ವರ್ಷ ಎಂದು ಬರೆದಿದ್ದರೂ ಮತ್ತೊಮ್ಮೆ ಚುಚ್ಚಿಸಿಕೊಳ್ಳಬೇಕಾಗಿಲ್ಲ.

ಯಾರಿಗೆ ಹಾಕುವುದಿಲ್ಲ? ಇದು ಜೀವಂತ ಲಸಿಕೆ, ಅಂದರೆ ರೋಗ ತರುವ ಶಕ್ತಿ ಕುಂದಿಸಿದ ಜೀವಂತ ವೈರಾಣುವಿನಿಂದ ಮಾಡಿದ್ದು. 9 ತಿಂಗಳಿಗಿಂತ ಚಿಕ್ಕ ಮಕ್ಕಳಿಗೆ, ಮೊಟ್ಟೆಯ ತೀವ್ರ ಅಲರ್ಜಿ ಇರುವವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು 60 ವರ್ಷ ದಾಟಿದವರು ವೈದ್ಯರೊಂದಿಗೆ ಮಾತನಾಡಿಯೇ ನಿರ್ಧರಿಸಬೇಕು. ಲಸಿಕೆ ಬೇಡವೆಂದು ವೈದ್ಯರು ಪತ್ರ ಬರೆದುಕೊಡಬಹುದು, ಆದರೆ ಆ ಪತ್ರವನ್ನು ಒಪ್ಪುವುದು ಬಿಡುವುದು ಇಳಿಯುವ ಕಡೆಯ ಆರೋಗ್ಯ ಅಧಿಕಾರಿಗೆ ಬಿಟ್ಟದ್ದು. ಅವರು ಒಪ್ಪದಿದ್ದರೆ ಕ್ವಾರಂಟೈನ್‌ನಲ್ಲಿ ಇರಬೇಕಾಗಬಹುದು. ದಡಾರದ ಲಸಿಕೆಯಂತಹ ಬೇರೆ ಜೀವಂತ ಲಸಿಕೆಯೂ ಬೇಕಿದ್ದರೆ ಎರಡನ್ನೂ ಒಂದೇ ದಿನ ಹಾಕಿಸಬೇಕು, ಇಲ್ಲವಾದರೆ ನಡುವೆ 4 ವಾರ ಬಿಡಬೇಕು.

ಪ್ರಮಾಣಪತ್ರವಿಲ್ಲದೆ ಬಂದರೆ ಏನಾಗುತ್ತದೆ? ಹಳದಿ ಜ್ವರವಿರುವ ಪ್ರದೇಶವನ್ನು ಬಿಟ್ಟ 6 ದಿನಗಳ ಒಳಗೆ ಭಾರತಕ್ಕೆ ಬಂದವರನ್ನು ಆ 6 ದಿನ ಮುಗಿಯುವವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ಆರೋಗ್ಯ ಅಧಿಕಾರಿಗಿದೆ. ಸೋಂಕು ತಗುಲಿದವರಲ್ಲಿ ರೋಗ ಕಾಣಿಸಿಕೊಳ್ಳಲು 3ರಿಂದ 6 ದಿನ ಹಿಡಿಯುವುದರಿಂದ ಈ ಲೆಕ್ಕ. 2023ರ ಏಪ್ರಿಲ್‌ನಲ್ಲಿ ಯುದ್ಧದ ನಡುವಿನಿಂದ ಸುಡಾನ್‌ನಲ್ಲಿದ್ದ ನಮ್ಮವರನ್ನು ಆಪರೇಷನ್ ಕಾವೇರಿ ಮೂಲಕ ಕರೆತಂದಾಗ, ಅದುವರೆಗೆ ಬಂದಿದ್ದ 1,191 ಪ್ರಯಾಣಿಕರಲ್ಲಿ 117 ಮಂದಿಯನ್ನು ಈ ಲಸಿಕೆ ಆಗಿಲ್ಲವೆಂದು ಕ್ವಾರಂಟೈನ್‌ನಲ್ಲಿ ಇರಿಸಲಾಗಿದೆ ಎಂದು ಕೇಂದ್ರ ಸರ್ಕಾರ ತಿಳಿಸಿತ್ತು. ಜೀವ ಕೈಯಲ್ಲಿ ಹಿಡಿದು ಬಂದವರಿಗೂ ವಿನಾಯಿತಿ ಸಿಗಲಿಲ್ಲ ಎಂಬುದನ್ನು ಗಮನಿಸಿ. ಹೀಗೆ ಸುಡಾನ್‌ನಲ್ಲಿ ಸಿಕ್ಕಿಕೊಂಡಿದ್ದ ಕನ್ನಡಿಗರಲ್ಲಿ ಹಕ್ಕಿಪಿಕ್ಕಿ ಸಮುದಾಯದವರು ಬಹಳ ಮಂದಿ ಇದ್ದರು. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿಯೂ ಇದೇ ಸಮುದಾಯದ ಕುಟುಂಬಗಳಿವೆ. ಗಿಡಮೂಲಿಕೆ ವ್ಯಾಪಾರಕ್ಕಾಗಿ ಆಫ್ರಿಕಾಕ್ಕೆ ಹೋಗಿಬರುವ ಇಂಥ ಕುಟುಂಬಗಳಿಗೆ ಹೊರಡುವ ಮುಂಚೆಯೇ ಯಾರಾದರೂ ಕೂತು ಈ 10 ದಿನ ಮತ್ತು 6 ದಿನಗಳ ಲೆಕ್ಕವನ್ನು ತಿಳಿಸಿಕೊಡಬೇಕು. ಓದುಬರಹ ಬಲ್ಲ ನೆರೆಹೊರೆಯವರು ಈ ಕೆಲಸವನ್ನು ಮಾಡಬಹುದು.

ಒಂದು ಎಚ್ಚರಿಕೆ. ಚುಚ್ಚುಮದ್ದು ಬೇಡ, ಪುಸ್ತಕ ಮಾತ್ರ ಕೊಡಿಸುತ್ತೇನೆ ಎನ್ನುವ ಮಧ್ಯವರ್ತಿಗಳ ಮಾತಿಗೆ ಕಿವಿಗೊಡಬೇಡಿ. ಅದು ಅಪರಾಧ ಎಂಬುದು ಒಂದು ಕಡೆಯಾದರೆ, ಈ ಜ್ವರಕ್ಕೆ ನಿರ್ದಿಷ್ಟ ಔಷಧವೇ ಇಲ್ಲ ಎಂಬುದು ಇನ್ನೊಂದು ಕಡೆ.

ಹಂತ 4: ಪುಸ್ತಕ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಓದಿ

ಹೆಸರು ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇರಬೇಕು. ನಮ್ಮ ಭಾಗದಲ್ಲಿ ಇದೇ ದೊಡ್ಡ ತೊಡಕು. ಆಧಾರ್‌ನಲ್ಲಿ ಎಚ್.ಎಸ್. ಎಂದು ಇನಿಷಿಯಲ್ ಮಾತ್ರ ಇರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಅದನ್ನೇ ಬಿಡಿಸಿ ಊರಿನ ಹೆಸರು, ತಂದೆಯ ಹೆಸರು ಎಂದು ಬರೆದಿರುತ್ತಾರೆ, ಶಾಲೆಯ ದಾಖಲೆಯಲ್ಲಿ ಮೂರನೆಯ ರೂಪ ಇರುತ್ತದೆ. ಆರೋಗ್ಯ ದಾಖಲೆಗೆ ಪಾಸ್‌ಪೋರ್ಟ್‌ನ ಹೆಸರೊಂದೇ ಪ್ರಮಾಣ. ನಂತರ ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನಾಂಕ, ಲಸಿಕೆ ಹಾಕಿದ ದಿನಾಂಕ, ಲಸಿಕೆಯ ಬ್ಯಾಚ್ ಸಂಖ್ಯೆ, ವೈದ್ಯರ ಸಹಿ, ಕೇಂದ್ರದ ಮೊಹರು ಇವಿಷ್ಟನ್ನೂ ನೋಡಿ. ತಪ್ಪಿದ್ದರೆ ಅಲ್ಲೇ ಸರಿಪಡಿಸಿಕೊಳ್ಳಿ. ಮನೆಗೆ ಬಂದು ನೀವೇ ಪೆನ್ನಿನಿಂದ ತಿದ್ದಿದರೆ ಪುಸ್ತಕ ಅಸಿಂಧುವಾಗಬಹುದು. ಆ ಹಳದಿ ಪುಸ್ತಕವನ್ನು ಚೆಕ್-ಇನ್ ಸೂಟ್‌ಕೇಸಿನಲ್ಲಿ ಹಾಕದೆ ಪಾಸ್‌ಪೋರ್ಟ್‌ನೊಂದಿಗೇ ಇಟ್ಟುಕೊಳ್ಳಿ, ಮನೆಯವರ ಮೊಬೈಲ್‌ನಲ್ಲಿ ಅದರ ಫೋಟೊ ಇರಲಿ.

ಕೋವಿಡ್ ಲಸಿಕೆಯ ಪ್ರಮಾಣಪತ್ರದಲ್ಲಿಯೂ ಇದೇ ತೊಂದರೆ ಆಗಿತ್ತು. ಕೋವಿನ್ ತಾಣದಲ್ಲಿ ಹೆಚ್ಚಿನವರು ಆಧಾರ್ ಕೊಟ್ಟು ನೋಂದಾಯಿಸಿದ್ದರಿಂದ ಹೆಸರು ಹೊಂದದೆ, ಪಾಸ್‌ಪೋರ್ಟ್ ಸಂಖ್ಯೆಯನ್ನು ಜೋಡಿಸುವ ಸೌಲಭ್ಯ ಬಂದ ಮೇಲೆ ಸರಿಪಡಿಸಿಕೊಳ್ಳಬೇಕಾಯಿತು.

ಹಂತ 5: ನಿಮ್ಮ ಪ್ರಯಾಣಕ್ಕೆ ಬೇರೆ ಏನಾದರೂ ಬೇಕೇ?

ಹಜ್ ಯಾತ್ರೆಗೆ ಹೋಗುವವರು ಮೆನಿಂಜೈಟಿಸ್ ಲಸಿಕೆಯನ್ನು, ಅಂದರೆ ಮೆದುಳಿನ ಪೊರೆಯ ಉರಿಯೂತವನ್ನು ತಡೆಯುವ ಎ, ಸಿ, ಡಬ್ಲ್ಯು, ವೈ ಎಂಬ ನಾಲ್ಕು ಬಗೆಯ ರೋಗಾಣುಗಳ ವಿರುದ್ಧದ ಒಂದೇ ಲಸಿಕೆಯನ್ನು, ಸೌದಿ ಅರೇಬಿಯಾ ತಲುಪುವ ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡಿರಬೇಕು.

ಪೋಲಿಯೊ ಇನ್ನೂ ಉಳಿದಿರುವ ದೇಶಗಳಿಗೆ ಹೋಗಿಬರುವವರಿಗೆ, ವಯಸ್ಸು ಎಷ್ಟೇ ಇರಲಿ, ಪೋಲಿಯೊ ಹನಿ ಬೇಕಾಗುತ್ತದೆ. ಇದರ ಲೆಕ್ಕ ಹೊರಡುವುದಕ್ಕಿಂತ 4 ವಾರ ಮೊದಲು.

ಇಂಗ್ಲೆಂಡಿಗೆ 6 ತಿಂಗಳಿಗಿಂತ ಹೆಚ್ಚು ಕಾಲ ಓದಲು ಅಥವಾ ಕೆಲಸಕ್ಕೆ ಹೋಗುವವರು ಆ ದೇಶ ಮಾನ್ಯ ಮಾಡಿದ ಕ್ಲಿನಿಕ್‌ನಲ್ಲಿ ಕ್ಷಯರೋಗದ ಪರೀಕ್ಷೆ ಮಾಡಿಸಿ ವೀಸಾ ಅರ್ಜಿಯೊಂದಿಗೆ ಪ್ರಮಾಣಪತ್ರ ಕೊಡಬೇಕು. ಸಾಮಾನ್ಯವಾಗಿ ಎದೆಯ ಎಕ್ಸ್‌ರೇಯಲ್ಲೇ ಮುಗಿಯುತ್ತದೆ. ಎಕ್ಸ್‌ರೇಯಲ್ಲಿ ಸಂಶಯ ಕಂಡರೆ ಕಫದ ಕಲ್ಚರ್ ಪರೀಕ್ಷೆಗೆ ಸುಮಾರು 8 ವಾರ ಹಿಡಿಯುತ್ತದೆ. ಕಾಲೇಜು ಆರಂಭವಾಗುವ ತಿಂಗಳಿನಲ್ಲೇ ಪರೀಕ್ಷೆಗೆ ಹೋಗುವ ವಿದ್ಯಾರ್ಥಿಗಳು ಈ 8 ವಾರಗಳನ್ನು ಮರೆತಿರುತ್ತಾರೆ. ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗುವವರ ವೈದ್ಯಕೀಯ ಪರೀಕ್ಷೆ ವಾಫಿದ್ ಎಂಬ ವ್ಯವಸ್ಥೆಯ ಮೂಲಕ ಗೊತ್ತುಪಡಿಸಿದ ಕೇಂದ್ರಗಳಲ್ಲೇ ಆಗಬೇಕು.

ಹಂತ 6: ಸಾಂಕ್ರಾಮಿಕ ಹರಡಿರುವ ಕಾಲದಲ್ಲಿ

ಹಳದಿ ಜ್ವರದ ನಿಯಮ ವರ್ಷಗಟ್ಟಲೆ ಬದಲಾಗುವುದಿಲ್ಲ. ಸಾಂಕ್ರಾಮಿಕದ ನಿಯಮ ವಾರದಲ್ಲಿ ಬದಲಾಗುತ್ತದೆ. ಒಮಿಕ್ರಾನ್ ಬಂದಾಗ ಹೊಸ ಮಾರ್ಗಸೂಚಿ 2021ರ ನವೆಂಬರ್ ಕೊನೆಯಲ್ಲಿ ಹೊರಟು ಡಿಸೆಂಬರ್ 1ರಿಂದಲೇ ಜಾರಿಯಾಯಿತು. ಅಪಾಯದ ಪಟ್ಟಿಯಲ್ಲಿದ್ದ ದೇಶಗಳಿಂದ ಬಂದವರು ನಿಲ್ದಾಣದಲ್ಲೇ ಪರೀಕ್ಷೆ ಮಾಡಿಸಿ, ಫಲಿತಾಂಶಕ್ಕೆ ಕಾದು, ನೆಗೆಟಿವ್ ಬಂದರೂ 7 ದಿನ ಮನೆಯಲ್ಲಿ ಕ್ವಾರಂಟೈನ್ ಇದ್ದು, 8ನೆಯ ದಿನ ಮತ್ತೆ ಪರೀಕ್ಷೆ ಮಾಡಿಸಬೇಕಿತ್ತು. ಆ ತಿಂಗಳು ಜರ್ಮನಿಯಿಂದ ಬಂದ ನಮ್ಮ ಅಣ್ಣನ ಮಗಳು ಟಿಕೆಟ್ ಕೊಂಡಾಗ ಈ ನಿಯಮ ಇರಲೇ ಇಲ್ಲ. ಹಾಸನದಿಂದ ಕರೆತರಲು ಹೋದ ಕಾರು ನಿಲ್ದಾಣದ ಹೊರಗೆ ಗಂಟೆಗಟ್ಟಲೆ ಕಾಯಿತು, ಬಂದ ಮೇಲೆ ಅವಳ ಊಟದ ತಟ್ಟೆಯನ್ನು ಒಂದು ವಾರ ಮಹಡಿಯ ಮೆಟ್ಟಿಲಿನ ಮೇಲಿಟ್ಟು ಬರಬೇಕಾಯಿತು. 2022ರ ಫೆಬ್ರವರಿ 14ರಿಂದ ಆ ಪಟ್ಟಿಯನ್ನೇ ಕೈಬಿಟ್ಟರು. 2023ರ ಜನವರಿ 1ರಿಂದ ಚೀನಾ, ಹಾಂಕಾಂಗ್, ಜಪಾನ್, ದಕ್ಷಿಣ ಕೊರಿಯಾ, ಸಿಂಗಪುರ, ಥಾಯ್ಲೆಂಡ್‌ಗಳಿಂದ ಬರುವವರಿಗೆ ಮತ್ತೆ ಪರೀಕ್ಷೆ ಕಡ್ಡಾಯವಾಯಿತು, ಫೆಬ್ರವರಿಯಲ್ಲಿ ಅದೂ ಹೋಯಿತು.

ಮುಂದೆ ಯಾವ ಸಾಂಕ್ರಾಮಿಕ ಬಂದರೂ ನಿಯಮಗಳಲ್ಲಿ ಕಾಣುವ ಪದಗಳು ಹೆಚ್ಚು ಕಡಿಮೆ ಇವೇ ಆಗಿರುತ್ತವೆ. ಕ್ವಾರಂಟೈನ್ ಎಂದರೆ ರೋಗ ತಗುಲಿರಬಹುದಾದ, ಆದರೆ ಆರೋಗ್ಯವಾಗಿಯೇ ಕಾಣುವವರನ್ನು ಪ್ರತ್ಯೇಕ ಇರಿಸುವುದು. ಐಸೊಲೇಷನ್ ಎಂದರೆ ರೋಗ ಇದೆಯೆಂದು ತಿಳಿದವರನ್ನು ಪ್ರತ್ಯೇಕ ಇರಿಸುವುದು. ಆರ್‌ಟಿ-ಪಿಸಿಆರ್ ಎಂದರೆ ಮೂಗು, ಗಂಟಲಿನಿಂದ ತೆಗೆದ ಮಾದರಿಯಲ್ಲಿ ವೈರಾಣುವಿನ ಆನುವಂಶಿಕ ಅಂಶವನ್ನು ಹುಡುಕುವ ಪರೀಕ್ಷೆ. ಸ್ವಯಂ ಘೋಷಣೆ ಎಂದರೆ ಹಿಂದಿನ 14 ದಿನಗಳಲ್ಲಿ, ಅಥವಾ ನಿಯಮ ಹೇಳಿದಷ್ಟು ದಿನಗಳಲ್ಲಿ, ಎಲ್ಲೆಲ್ಲಿ ಇದ್ದಿರಿ ಎಂದು ನೀವೇ ಬರೆದುಕೊಡುವುದು. ಅದರಲ್ಲಿ ಒಂದು ದೇಶವನ್ನು ಮುಚ್ಚಿಟ್ಟರೆ ಪಾಸ್‌ಪೋರ್ಟ್‌ನ ಮುದ್ರೆಗಳೇ ಅದನ್ನು ಹೇಳಿಬಿಡುತ್ತವೆ.

ವಿಮಾನ ಹೊರಡುವುದಕ್ಕೆ ಮುಂಚಿನ 72 ಗಂಟೆಯೊಳಗೆ ಪರೀಕ್ಷೆಗೆ ಮಾದರಿ ಕೊಟ್ಟಿರಬೇಕು ಎಂಬ ನಿಯಮವಿದ್ದಾಗ ಲೆಕ್ಕ ಹೀಗೆ ಮಾಡಿ. ಶನಿವಾರ ಬೆಳಗಿನ ಜಾವ 4 ಗಂಟೆಗೆ ಬೆಂಗಳೂರಿನಿಂದ ವಿಮಾನವಿದ್ದರೆ, ಬುಧವಾರ ಬೆಳಗಿನ ಜಾವ 4ಕ್ಕಿಂತ ಮೊದಲು ಕೊಟ್ಟ ಮಾದರಿ ಹಳೆಯದಾಯಿತು. ಬುಧವಾರ ಹಗಲು ಹಾಸನ ಅಥವಾ ಚಿಕ್ಕಮಗಳೂರಿನಲ್ಲಿ ಮಾದರಿ ಕೊಟ್ಟರೆ ವರದಿಗೆ ಗುರುವಾರ ಇಡೀ ದಿನ ಸಿಗುತ್ತದೆ, ಶುಕ್ರವಾರ ಸಂಜೆಯ ಒಳಗೆ ಊರು ಬಿಡಬಹುದು. ಗಂಟೆಯನ್ನು ವರದಿ ಬಂದ ಹೊತ್ತಿನಿಂದ ಎಣಿಸಬೇಡಿ, ಮಾದರಿ ಕೊಟ್ಟ ಹೊತ್ತಿನಿಂದ ಎಣಿಸಿ. ವರದಿಯಲ್ಲಿ ಆ ಹೊತ್ತು ಅಚ್ಚಾಗಿರಬೇಕು, ಪಾಸ್‌ಪೋರ್ಟ್ ಸಂಖ್ಯೆಯೂ ಇರಬೇಕೆಂದು ಲ್ಯಾಬ್‌ನವರಿಗೆ ಮೊದಲೇ ಹೇಳಿ. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನಿಂದ ಹೊರಡುವವರು ಗುಡ್ಡ ಕುಸಿದು ರಸ್ತೆ ಮುಚ್ಚಬಹುದಾದ ವೇಳೆಯನ್ನೂ ಇದರೊಳಗೇ ಸೇರಿಸಿಕೊಳ್ಳಬೇಕು.

ಇಂಥ ಕಾಲದಲ್ಲಿ ನಿಮ್ಮ ಕಾಗದಗಳನ್ನು ಮೊದಲು ನೋಡುವವರು ಹೊರಡುವ ಕಡೆಯ ವಿಮಾನ ಸಂಸ್ಥೆಯ ಸಿಬ್ಬಂದಿ. ಅವರು ಬೋರ್ಡಿಂಗ್ ಪಾಸ್ ಕೊಡದಿದ್ದರೆ ಮುಂದಿನ ಯಾವ ಅಧಿಕಾರಿಯನ್ನೂ ನೀವು ಕಾಣುವುದೇ ಇಲ್ಲ. ನಿಯಮದ ಪ್ರತಿಯನ್ನು, ಅದು ಜಾರಿಯಾದ ದಿನಾಂಕ ಕಾಣುವಂತೆ, ಮುದ್ರಿಸಿ ಇಟ್ಟುಕೊಳ್ಳಿ.

ಹಂತ 7: ಊರಿಗೆ ಬಂದ ಮೇಲೆ

ಹೋಂಸ್ಟೇ ನಡೆಸುವವರು ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಸಿ-ಫಾರ್ಮ್ ಎಂದು ನೀವು ಬಲ್ಲ ಕೆಲಸವೇ ಇದು. ಸಾಂಕ್ರಾಮಿಕದ ಕಾಲದಲ್ಲಿ ಅತಿಥಿಯ ಸಂಪರ್ಕಕ್ಕೆ ಬಂದವರನ್ನು ಹುಡುಕಲು ಇಂಥ ದಾಖಲೆಯೇ ಆಧಾರವಾಗುತ್ತದೆ.

ವಿದೇಶದಿಂದ ಬಂದವರಿಗೆ ಜ್ವರ ಬಂದರೆ ಮೆಡಿಕಲ್ ಅಂಗಡಿಯಿಂದ ಮಾತ್ರೆ ತಂದು ನುಂಗಿ ಕಾಯಬಾರದು. ಹಾಸನದವರು ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾದ ಹಿಮ್ಸ್‌ಗೆ, ಚಿಕ್ಕಮಗಳೂರಿನವರು ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು, ಸಲಹೆಗೆ 104 ಸಂಖ್ಯೆಯ ಆರೋಗ್ಯ ಸಹಾಯವಾಣಿ ಇದೆ. ಆಫ್ರಿಕಾದಿಂದ ಮರಳಿದವರಲ್ಲಿ ಮಲೇರಿಯಾ ಕೆಲವು ವಾರಗಳ ನಂತರವೂ ಕಾಣಿಸಿಕೊಳ್ಳುತ್ತದೆ, ಹಳದಿ ಜ್ವರದ ಲಸಿಕೆ ಅದನ್ನು ತಡೆಯುವುದಿಲ್ಲ, ರಕ್ತ ಪರೀಕ್ಷೆ ಅದೇ ದಿನ ಆಗಬೇಕು. ಇದರ ಇನ್ನೊಂದು ಮುಖವೂ ಇದೆ. ಬೇಸಿಗೆಯಲ್ಲಿ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಯ ಕಾಡಿನಲ್ಲಿ ಓಡಾಡಿ ತಮ್ಮ ದೇಶಕ್ಕೆ ಮರಳಿದವರಿಗೆ ಜ್ವರ ಬಂದರೆ ಅಲ್ಲಿನ ವೈದ್ಯರಿಗೆ ಮಂಗನ ಕಾಯಿಲೆಯ ಹೆಸರೇ ಹೊಳೆಯದಿರಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣ್ಣೆಯ ಕಡಿತದಿಂದ ಬರುವ ಈ ರೋಗ ಕಚ್ಚಿದ 3ರಿಂದ 8 ದಿನಗಳಲ್ಲಿ ಕಾಣಿಸುತ್ತದೆ. ನಿಮ್ಮ ಮನೆಗೆ ಬಂದು ಹೋಗುವ ನೆಂಟರಿಗೂ ಅತಿಥಿಗಳಿಗೂ ಬೀಳ್ಕೊಡುವಾಗ ಒಂದು ಚೀಟಿಯಲ್ಲಿ ಈ ರೋಗದ ಹೆಸರನ್ನು ಇಂಗ್ಲಿಷಿನಲ್ಲಿ (Kyasanur Forest Disease), ಅವರು ಕಾಡಿಗೆ ಹೋದ ದಿನಾಂಕದೊಂದಿಗೆ ಬರೆದುಕೊಡಿ.